ರವಿಕೆಯ ತಾರೀಖು

ದರ್ಜಿ ಹೆಂಗಸು ಹುಟ್ಟಿದ್ದು ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ. ಚಿಕ್ಕಂದಿನಲ್ಲಿ ಹುಟ್ಟುಹಬ್ಬಕ್ಕೆ ಹೊಸ ಬಟ್ಟೆ ಕೇಳಿದರೆ ಮಲತಾಯಿ ಕ್ಯಾಲೆಂಡರ್ ತೋರಿಸಿ, "ಈ ವರ್ಷ ಆ ತಾರೀಖೇ ಇಲ್ವಲ್ಲೇ," ಎಂದು ನಗುತ್ತಿದ್ದಳು. ತಾರೀಖು ಬಂದ ವರ್ಷ ಮರೆತೇ ಹೋಗುತ್ತಿತ್ತು. ಹೆತ್ತ ಮಗಳಿಗೆ ಮಾತ್ರ ವರ್ಷವರ್ಷವೂ ಹೊಸ ಫ್ರಾಕು.

ಈಗ ಆ ಮಗಳ ಮದುವೆ. ಮಲತಾಯಿ ರೇಷ್ಮೆ ಬಟ್ಟೆ ಹಿಡಿದು ಅಂಗಡಿಗೆ ಬಂದಳು, ಬಾಯಲ್ಲಿ ಬೆಣ್ಣೆ. "ರವಿಕೆ ಅಂದ್ರೆ ನಿನ್ನ ಕೈಯಲ್ಲೇ ಆಗ್ಬೇಕಮ್ಮ. ಮಾರ್ಚ್ ಎರಡಕ್ಕೆ ಮದುವೆ."

ದರ್ಜಿ ಅವಳ ಅಳತೆ ತೆಗೆದುಕೊಂಡಳು. ಅವಳೆದುರಿಗೇ ಬಟ್ಟೆ ಹಾಸಿ, ಕತ್ತರಿಸಿ, ಎರಡೂ ತೋಳು ಬೇರೆ ಮಾಡಿದ ಮೇಲೆ ಚೀಟಿ ಕೊಟ್ಟಳು: ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಬನ್ನಿ.

ಮಲತಾಯಿ ಗೋಡೆಯ ಕ್ಯಾಲೆಂಡರ್ ನೋಡಿದಳು. ತಿಂಗಳು ಇಪ್ಪತ್ತೆಂಟಕ್ಕೇ ಮುಗಿದಿತ್ತು.

"ಈ ವರ್ಷ ಆ ತಾರೀಖೇ ಇಲ್ವಲ್ಲೇ."

"ಗೊತ್ತು ಚಿಕ್ಕಮ್ಮ. ನೀವೇ ಕಲಿಸಿದ್ದು."