ಬ್ಯಾಂಕಾಕಿನಲ್ಲೊಂದು ಒಂಟಿ ಎಡಗಾಲು

ನಾನು ಎಡಗಾಲಿನ ಚಪ್ಪಲಿ. ಹುಟ್ಟೂರು ಅಥಣಿ. ಅಲ್ಲಿಯ ಬಾಳಪ್ಪ ತೊಗಲಿಗೆ ಎಣ್ಣೆ ಕುಡಿಸಿ, ಬಡಿದು, ಹೊಲಿದು, ನನಗೂ ಬಲಗಾಲಿನವನಿಗೂ ಒಟ್ಟಿಗೆ ಜನ್ಮ ಕೊಟ್ಟ. ಆ ಬಲಗಾಲಿನವನನ್ನು ನಾನು ಬಲಣ್ಣ ಎನ್ನುತ್ತಿದ್ದೆ. ತುಳಿತಕ್ಕೊಳಗಾದ ವರ್ಗ ನಮ್ಮದು, ನಿಜ. ಆದರೆ ಜೊತೆಯಲ್ಲಿ ತುಳಿಸಿಕೊಂಡರೆ ನೋವು ಅರ್ಧವಾಗುತ್ತದೆ.

ನಮ್ಮನ್ನು ಕೊಂಡ ಕಸ್ತೂರವ್ವ, ಗಂಡ ದುಂಡಪ್ಪನ ಜೊತೆ ಬ್ಯಾಂಕಾಕಿಗೆ ಪ್ರವಾಸ ಹೊರಟಾಗಲೂ ನಮ್ಮನ್ನೇ ಮೆಟ್ಟಿದಳು. ಅಬ್ಬಾ, ಆ ಊರು! ಫುಟ್‌ಪಾತಿನ ಮೇಲೆ ಒಲೆ, ಒಲೆಯ ಪಕ್ಕ ಪ್ಲಾಸ್ಟಿಕ್ ಸ್ಟೂಲು, ಸ್ಟೂಲುಗಳ ಸಂದಿಯಲ್ಲೇ ಸ್ಕೂಟರು. ಮೂರು ಗಾಲಿಯ ಟುಕ್‌ಟುಕ್‌ಗಳು ಗಂಟಲಿಗೆ ಮುಳ್ಳು ಸಿಕ್ಕವರಂತೆ ‘ಖರ್ರ್ ಟುಕುಟುಕು’ ಎನ್ನುತ್ತಿದ್ದವು. ಮೀನಿನ ವಾಸನೆ ನನ್ನ ಅಟ್ಟೆಗೂ ಅಂಟಿತು. ಹೋಟೆಲಿನ ಹುಡುಗಿಯರು ಕೈಮುಗಿದು ‘ಸವಾದೀ ಖಾಆಆ’ ಎಂದು ರಾಗ ಎಳೆಯುತ್ತಿದ್ದರು.

“ಖಾಆಆ ಅಂತಾರ, ತಿನ್ನಾಕ ಮಾತ್ರ ಏನೂ ಕೊಡವಲ್ರು,” ಎಂದ ದುಂಡಪ್ಪ, ಅದೇ ರಾಗದಲ್ಲಿ.

ದೊಡ್ಡದೊಂದು ಬುದ್ಧ ಮಂದಿರದ ಮೆಟ್ಟಿಲ ಬಳಿ ಎಲ್ಲರೂ ಚಪ್ಪಲಿ ಬಿಟ್ಟರು.

“ಏ ಕಸ್ತೂರಿ, ಎರಡೂ ಒಂದ ಕಡೆ ಬಿಡಬ್ಯಾಡ. ಒಂದ ಕಾಲಿಂದ ಯಾವ ಕಳ್ಳಾನೂ ಒಯ್ಯೂದಿಲ್ಲ!”

ನಮ್ಮೂರ ಗುಡಿಗಳ ಮುಂದೆ ಕಲಿತ ಜಾಣತನ. ಬಲಣ್ಣ ಮೆಟ್ಟಿಲ ಮೇಲೆ ಉಳಿದ. ನಾನು ಹೂಕುಂಡದ ಹಿಂದೆ.

ಕಳ್ಳ ಬರಲಿಲ್ಲ. ಕಸ ಗುಡಿಸುವ ಮುದುಕ ಬಂದ. ಮೆಟ್ಟಿಲ ಮೇಲಿನ ಚಪ್ಪಲಿಗಳನ್ನೆಲ್ಲ ಅಕ್ಕರೆಯಿಂದ ಸಾಲಾಗಿ ಇಟ್ಟ. ಕುಂಡದ ಹಿಂದಿದ್ದ ನನ್ನನ್ನು ಯಾರೋ ಎಸೆದದ್ದೆಂದು ತಿಳಿದು ಕಸದ ಚೀಲಕ್ಕೆ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಸುಡುವ ಕಲ್ಲಿನ ಮೇಲೆ ಕಸ್ತೂರವ್ವನ ಬರಿಗಾಲು ತಟಪಟ ಓಡಾಡುವುದು ಕೇಳಿತು. ಆಚೆ ಪ್ರವಾಸದ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

“ಭಾರೀ ಶಾಣ್ಯಾರ್ರೀ ನೀವು! ಕಳ್ಳಗ ಸಿಗಬಾರದಂತ ಹೇಳಿ, ನನಗೂ ಸಿಗದಂಗ ಮಾಡಿದ್ರಿ!”

“ಬಸ್ಸು ಬಿಡ್ತೈತಿ. ಆ ಬಲಗಾಲಿಂದರ ತಗೊಂಡ ನಡಿ.”

“ಒಂದನ್ನ ಒಯ್ದು ಗ್ವಾಡಿಗೆ ತೂಗ ಹಾಕ್ಲೇನು? ಇಲ್ಲೇ ಇರ್ಲಿ. ಎಡದ್ದು ಸಿಕ್ಕವರಿಗೆ ಜೋಡಿಯರ ಆದೀತು.”

ಇಲ್ಲಿದ್ದೇನೆ, ಇಲ್ಲೇ ಚೀಲದಲ್ಲಿ ಎಂದು ಕೂಗಲು ನೋಡಿದೆ. ಆದರೆ ಯಾರಾದರೂ ಮೆಟ್ಟಿ ನಡೆದರಷ್ಟೇ ಚರ್‌ಚರ್ ಎನ್ನುವ ಬಾಯಿ ನನ್ನದು.

ಆ ಚೀಲ ಬೀದಿಯ ತುದಿಗೆ ಬಂದಾಗ ನೂಡಲ್ಸ್ ಮಾರುವ ಹೆಂಗಸೊಬ್ಬಳು ನನ್ನನ್ನು ಎತ್ತಿ, ತನ್ನ ತಳ್ಳುಗಾಡಿಯ ಚಕ್ರದಡಿ ತುರುಕಿದಳು. ಅಂದಿನಿಂದ ಇಲ್ಲೇ. ನಾನು ಸರಿದರೆ ಗಾಡಿ ಜಾರುತ್ತದೆ, ಕುದಿಯುವ ಸಾರು ಅವಳ ಮೈಮೇಲೆ.

ಬಹಳ ಕಾಲ ಹಾದುಹೋಗುವ ಬಲಗಾಲುಗಳನ್ನೇ ಹುಡುಕಿದೆ. ಬೂಟು, ಹವಾಯಿ, ಎತ್ತರದ ಹಿಮ್ಮಡಿ, ಭಿಕ್ಷುವಿನ ಬರಿಗಾಲು. ಎಲ್ಲಿಯೂ ಬಲಣ್ಣನಿಲ್ಲ. ಒಂದು ಮಧ್ಯಾಹ್ನ ಹೊಳೆಯಿತು: ಒಂಟಿ ಚಪ್ಪಲಿಯನ್ನು ಯಾರು ಮೆಟ್ಟುತ್ತಾರೆ? ಅವನಿಗೂ ಕಾಲು ಸಿಕ್ಕಿರಲಾರದು.

ಈಗ ಹೊಲಿಗೆ ಬಿಚ್ಚಿದೆ, ತೊಗಲು ಬಿರಿದಿದೆ. ಪಾದಗಳನ್ನು ನೋಡುವುದು ಬಿಟ್ಟಿದ್ದೇನೆ. ಪಕ್ಕದಲ್ಲಿ ಹೊಸ ಗಾಡಿ ಬಂದು ನಿಂತಾಗಲೆಲ್ಲ ಅದರ ಚಕ್ರದಡಿ ಏನಿಟ್ಟಿದ್ದಾರೆಂದು ನೋಡುತ್ತೇನೆ.

ಇವತ್ತು ಬಂದ ಗಾಡಿಗೆ ಇಟ್ಟಿಗೆ ಇಟ್ಟಿದ್ದರು.