ಅಗಸಿ ಹೊರಗಿನ ಓಣಿ

"ಏಯ್, ಲೋಟ ಕೆಳಗಿಡು! ನೀ ಬಾಯಿ ಹಚ್ಚಿದ ಮ್ಯಾಲ ಆ ಹಾಲು ಯಾರು ಕುಡೀಬೇಕು?"

ಮಾಧವರಂನ ಖಾಸಗಿ ಡೇರಿಯೊಂದರ ಲ್ಯಾಬಿನಲ್ಲಿ ಹೀಗೆ ಕೂಗಿದವನು ಮ್ಯಾನೇಜರ್ ಶಿವರಂಜನ್. ಲೋಟ ಹಿಡಿದಿದ್ದವಳು ನಾನು, ತೇಜಶ್ರೀ. ಡಿಪ್ಲೊಮಾ ಮುಗಿಸಿ ತರಬೇತಿಗೆ ಬಂದವಳು. ಟ್ಯಾಂಕರ್ ಬಂದ ಕೂಡಲೇ ಸ್ಯಾಂಪಲ್ ಕಾಯಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿ, ರುಚಿ ಬರೆಯಬೇಕು. ಕೊಬ್ಬು ಎಷ್ಟೆಂದು ಯಂತ್ರ ಹೇಳುತ್ತದೆ, ಕಮಟು ವಾಸನೆಗೆ ನಮ್ಮ ಮೂಗು ನಾಲಿಗೆಯೇ ಬೇಕು. ಹೀಗೆ ನೂರು ರುಚಿ ಬರೆದ ಪುಸ್ತಕಕ್ಕೆ ಮ್ಯಾನೇಜರ್ ಸಹಿ ಬಿದ್ದರೆ ಟೆಕ್ನಿಷಿಯನ್ ಕೆಲಸ ಸಿಗುತ್ತದೆ. ನನ್ನದು ತೊಂಬತ್ತೆರಡಾಗಿತ್ತು.

ಮೊನ್ನೆಯವರೆಗೆ ಇವನೇ "ನಮ್ಮ ಕಡೀ ಹುಡುಗಿ, ಭಾರಿ ನಾಲಿಗಿ" ಎಂದು ಹೊಗಳುತ್ತಿದ್ದ. ಕೆಡಿಸಿದವಳು ಅವ್ವ. ಅಯ್ಯೋ, ಹಾಗೆನ್ನಬಾರದು.

ಅವ್ವ ಶಂಕ್ರಮ್ಮ ಎಣ್ಣೂರಿನ ಗೋದಾಮಿನಲ್ಲಿ ಚೀಲ ಹೊಲಿಯುತ್ತಾಳೆ. ನಿನ್ನೆ ನಾನು ಬುತ್ತಿ ಮರೆತಿದ್ದೆ, ಕೊಡಲು ಬಂದಿದ್ದಳು. ಗೇಟಿನಲ್ಲಿ ಶಿವರಂಜನ್ ಬಾಯಿಂದ ಕನ್ನಡ ಕೇಳಿ ಅರಳಿಬಿಟ್ಟಳು. ಹದಿನೆಂಟು ವರ್ಷದಿಂದ ಈ ತಮಿಳರ ಊರಲ್ಲಿ ನಾವು ಬರೀ 'ಕನ್ನಡಕ್ಕಾರಂಗ', ಕನ್ನಡದವರು. ಬಾಡಿಗೆ ಮನೆಯವರು ಜಾತಿ ಕೆದಕಿ ಕೇಳಿದರೂ ಅಷ್ಟೇ ಹೇಳಿ ಜಾರಿಕೊಂಡಿದ್ದೆವು.

"ಯಾ ಊರವ್ವಾ?" ಎಂದಿದ್ದ.

"ಶಹಾಪುರ ಕಡೇದವ್ರಿ ಯಪ್ಪಾ."

"ಊರಾಗ ಯಾ ಓಣಿ?"

"ಅಗಸಿ ಹೊರಗಿನ ಓಣಿರಿ," ಎಂದು ಅವ್ವ ನಕ್ಕಳು, ತವರಿನಿಂದ ಬಂದ ತಮ್ಮ ಕೇಳಿದ ಹಾಗೆ. ಅಗಸಿ ಎಂದರೆ ಊರಬಾಗಿಲು; ಅದರ ಆಚೆ ಇಟ್ಟಿರುವುದು ಯಾರನ್ನೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಈಗ ಲ್ಯಾಬಿನಲ್ಲಿ ಅವನು ಬಾಟಲಿಗಳ ಬುಟ್ಟಿಯನ್ನು ಕಾಲಿನಿಂದ ನನ್ನತ್ತ ತಳ್ಳಿದ. "ಇವು ತೊಳಿ. ಹೊಲಸು ತೊಳ್ಯಾದು ನಿಮಗೇನು ಹೊಸಾದಲ್ಲ. ಸಹಿ ಗಿಹಿ ಮರತುಬಿಡು."

ಆ ಸ್ಯಾಂಪಲ್ಲನ್ನು ಮೂಸಿಯೂ ನೋಡದೆ ಅವನು ಆಗಲೇ ಲ್ಯಾಬಿನ ರಿಜಿಸ್ಟರಿನಲ್ಲಿ 'ಚಲೋ' ಎಂದು ಬರೆದುಬಿಟ್ಟಿದ್ದ. ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಸಾಬೂನಿನ ರುಚಿ. ಉಗುಳಿ, ನನ್ನ ಪುಸ್ತಕ ತೆಗೆದು ಬರೆದೆ: 'ತೊಂಬತ್ತಮೂರು. ಹುಳಿ ಮುಚ್ಚಲು ಸೋಡಾ ಬೆರೆಸಿದೆ. ಟ್ಯಾಂಕರ್ ವಾಪಸ್ ಕಳಿಸಿ. ರುಚಿ ನೋಡಿದವಳು ತೇಜಶ್ರೀ, ಅಗಸಿ ಹೊರಗಿನ ಓಣಿ.'

"ರಂಡೀ, ಎಷ್ಟು ಸೊಕ್ಕಲೇ ನಿಂಗ!" ಪುಸ್ತಕ ಕಿತ್ತುಕೊಂಡು ಎರಡು ಹೋಳು ಮಾಡಿದ. ಸೆಕ್ಯುರಿಟಿಯವನು ನನ್ನನ್ನು ಗೇಟಿನಾಚೆ ಬಿಟ್ಟು ಬಂದ. ಟ್ಯಾಂಕರ್ ಒಳಗೇ ಉಳಿಯಿತು.

ಫೋನ್ ಮಾಡಿದೆ; ಗೋದಾಮಿನಿಂದ ಓಡಿ ಬಂದ ಅವ್ವನಿಗೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಹೇಳಿ ಅತ್ತೆ.

"ಓಣಿ ಹೆಸರು ನಾನೇ ಹೇಳಿದ್ನಲ್ಲವ್ವಾ. ನನ್ನ ಬಾಯಿಗಿ ಮಣ್ಣು ಬೀಳಲಿ," ಎಂದು ಅವ್ವ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ನಾನು ಕೈ ಹಿಡಿದೆ. ಬಿಡಿಸಿಕೊಂಡು ಮತ್ತೆ ಹೊಡೆದುಕೊಂಡಳು.

ಪಕ್ಕದ ಬೆಂಚಿನ ಮುದುಕರೊಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. "ಕನ್ನಡದವ್ರೇನಮ್ಮ? ಯಾಕೆ ಅಳ್ತಿದೀರಾ? ಯಾವೂರು ನಿಮ್ದು?"

ಪಾಪ, ಅವರ ದನಿಯಲ್ಲಿ ಅಕ್ಕರೆಯೇ ಇತ್ತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ತೆರಿಯಾದು ಸಾರ್. ಎನಕ್ಕು ಕನ್ನಡಂ ತೆರಿಯಾದು," ಎಂದಳು ತಮಿಳಿನಲ್ಲಿ, ಕನ್ನಡವೇ ಬಾರದವಳ ಹಾಗೆ.

ಅವರು ದೂರ ಹೋದರು. ಅವ್ವ ತನ್ನ ಬುತ್ತಿ ಬಿಚ್ಚಿ ನನ್ನ ಮುಂದೆ ಹಿಡಿದಳು. ಹುಟ್ಟಿದಾಗಿನಿಂದ 'ಉಣ್ಣು ಮಗಳೇ' ಅನ್ನುತ್ತಿದ್ದವಳು, ಸುತ್ತ ಒಮ್ಮೆ ನೋಡಿ, ಅದನ್ನೇ ಸಣ್ಣ ದನಿಯಲ್ಲಿ ತಮಿಳಲ್ಲಿ ಅಂದಳು:

"ಸಾಪ್ಪಿಡು."