ಏಳನೇ ನಂಬರ್ ಸಾರಿ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಕಸ್ಟಮರ್ ಸಪೋರ್ಟ್ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಸಂಬಳ ಕೊಡುವುದು ಸಾರಿ ಕೇಳುವುದಕ್ಕೆ. ಇಂದಿರಾನಗರದ ನೂರಡಿ ರಸ್ತೆಯ ಹಿಂದೆ, ಒಂದು ಕಾಲಕ್ಕೆ ಯಾರೋ ರಿಟೈರಾದವರ ಬಂಗಲೆಯಾಗಿದ್ದ ಆಫೀಸಿನ ಮೊದಲ ಮಹಡಿಯಲ್ಲಿ ಕೂತು ದಿನಕ್ಕೆ ಎಂಬತ್ತು ತೊಂಬತ್ತು ಜನಕ್ಕೆ ಸಾರಿ ಬರೆಯುತ್ತೇನೆ. ನಮ್ಮದು ಬ್ಯೂಟಿ ಪಾರ್ಲರ್ ಕೆಲಸದವರನ್ನು ಮನೆ ಬಾಗಿಲಿಗೆ ಕಳಿಸುವ ಆ್ಯಪ್. ಹುಬ್ಬು ತಿದ್ದುವವಳು ತಡವಾಗಿ ಬಂದರೆ ಸಾರಿ, ಬೇಗ ಬಂದರೂ ಸಾರಿ. ಫೇಶಿಯಲ್ ಆದ ಮೇಲೂ ಮುಖ ಹಳೆಯ ಮುಖವೇ ಆಗಿ ಉಳಿದರೆ ಅದಕ್ಕೂ ಸಾರಿ.

ಈ ಸಾರಿಗಳಿಗೆ ನಂಬರಿದೆ. ಮೊದಲೇ ಬರೆದಿಟ್ಟ ಪತ್ರಗಳು, ಒಟ್ಟು ಹನ್ನೊಂದು; ಟೆಂಪ್ಲೇಟ್ ಎನ್ನುತ್ತಾರೆ. ಒಂದನೆಯದು ಬರೀ ಮರ್ಯಾದೆಗೆ. ನಾಲ್ಕನೆಯದು ‘ನಿಮಗೆ ಹಾಗೆ ಅನ್ನಿಸಿದ್ದಕ್ಕೆ ಸಾರಿ’. ಅದರ ಅರ್ಥ, ತಪ್ಪು ನಿಮ್ಮದೇ ಮಹಾರಾಯರೇ, ಬಾಯಿ ಮುಚ್ಚಿ ಎಂದು. ಏಳನೆಯದು ‘ತಪ್ಪು ಪೂರ್ತಿ ನಮ್ಮದೇ’. ನನಗೆ ಏಳರ ಮೇಲೆ ಬಹಳ ಪ್ರೀತಿ. ಏಳು ಕಳಿಸಿದರೆ ಎಂಥ ರಂಪದ ಗಿರಾಕಿಯೂ ತಣ್ಣಗಾಗಿ ಮತ್ತೆ ಬರೆಯುವುದೇ ಇಲ್ಲ. ಒಂದೊಂದು ದೂರಿಗೆ ನಮಗೆ ನಾಲ್ಕು ನಿಮಿಷ ಟೈಮು, ಸ್ಕ್ರೀನಿನ ಮೂಲೆಯಲ್ಲಿ ಕೆಂಪು ಗಡಿಯಾರ ಓಡುತ್ತಿರುತ್ತದೆ. ಏಳರಲ್ಲಿ ನಲವತ್ತು ಸೆಕೆಂಡಿಗೆ ಎಲ್ಲ ಮುಗಿಯುತ್ತದೆ.

ಆದರೆ ಏಳನ್ನು ಕಳಿಸುವ ಮೊದಲು, ಆ ಮನೆಗೆ ಹೋಗಿದ್ದ ಕೆಲಸದವಳು ಏನು ಬರೆದಿದ್ದಾಳೆ ಎಂದು ತೆಗೆದು ಓದಬೇಕು ಅನ್ನುವುದು ರೂಲು. ಯಾಕೆಂದರೆ ಏಳು ಹೋದ ಮರುಕ್ಷಣ ಅವಳ ಐಡಿ ಬ್ಲಾಕ್ ಆಗುತ್ತದೆ. ನಾವು ಮಾಡುವುದಿಲ್ಲ, ಕಂಪ್ಯೂಟರು ಮಾಡುತ್ತದೆ. ಹಾಗಾಗಿ ನಮಗೆಲ್ಲ ಸುಖವಾಗಿ ನಿದ್ದೆ ಬರುತ್ತದೆ.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವಷ್ಟರಲ್ಲಿ ಬಿಲ್ಕೀಸ್ ಮೆಸೇಜು ಬಂತು. ‘ನನ್ ಐಡಿ ಬ್ಲಾಕ್ ಆಗಿದೆ. ಇವತ್ತು ನಾಲ್ಕು ಬುಕಿಂಗ್ ಇತ್ತು, ಎಲ್ಲ ಹೋಯ್ತು. ಯಾಕೆ ಅಂತ ನೋಡ್ತೀಯಾ?’

ಬಿಲ್ಕೀಸ್ ಮತ್ತು ನಾನು ಹಲಸೂರಿನ ಸ್ಕೂಲಿನಲ್ಲಿ ಆರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಇಂಗ್ಲಿಷ್ ಮಿಸ್ಸು ‘ಐ ಆಮ್ ಸಾರಿ’ ಎಂದು ನೂರು ಸಲ ಬರೆಯಲು ಹೇಳಿದಾಗ ನನ್ನ ಐವತ್ತನ್ನು ಅವಳೇ ಬರೆದುಕೊಡುತ್ತಿದ್ದಳು. ಶಿವಾಜಿನಗರದ ಪಾರ್ಲರೊಂದರಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಳ್ಳುತ್ತಿದ್ದವಳನ್ನು ಎರಡು ವರ್ಷದ ಹಿಂದೆ ಈ ಆ್ಯಪಿಗೆ ಸೇರಿಸಿದವಳು ನಾನೇ. ಅವಳ ತಾಯಿ ಬದ್ರುನ್ನೀಸಾ ಅವರಿಗೆ ಕಣ್ಣು ಮಂಜು. ಮನೆ ನಡೆಯುವುದು ಇವಳ ಕೈಯಿಂದಲೇ.

‘ಅಯ್ಯೋ ಸಾರಿ ಕಣೇ, ನೋಡ್ತೀನಿ’ ಎಂದು ಬರೆದೆ. ಬೆರಳು ತಾನಾಗಿ ಬರೆಯಿತು. ಆಮೇಲೆ ತೆಗೆದು ನೋಡಿದೆ.

ದೂರು ಬಂದದ್ದು ಜೀವನ್ ಬಿಮಾ ನಗರದ ಒಬ್ಬ ಗಿರಾಕಿಯಿಂದ. ವ್ಯಾಕ್ಸ್ ಹಾಕಿ ಕೈ ಸುಟ್ಟಳು ಎಂದು. ಉತ್ತರ ಹೋದದ್ದು ಶನಿವಾರ ಸಂಜೆ ನಾಲ್ಕು ಐವತ್ತಕ್ಕೆ. ಏಳನೇ ನಂಬರ್. ಕೆಳಗೆ ಹೆಸರು: ನಂದಿತಾ ಎಸ್.

ನಂದಿತಾ ಎಸ್. ಎಂದರೆ ನಾನು.

ಒಂದು ಕ್ಲಿಕ್ ಕೆಳಗೆ ಬಿಲ್ಕೀಸ್ ಗುರುವಾರವೇ ಬರೆದಿಟ್ಟಿದ್ದಳು. ‘ವ್ಯಾಕ್ಸ್ ನಮ್ದಲ್ಲ, ಕಸ್ಟಮರ್‌ದು. ಒಲೆ ಮೇಲೆ ಜಾಸ್ತಿ ಕಾಯಿಸಿದಾರೆ. ಆರಲಿ ಮೇಡಂ ಅಂದೆ. ಕೇಳದೆ ಅವರೇ ಹಚ್ಕೊಂಡ್ರು. ಫೋಟೋ ಹಾಕಿದೀನಿ.’ ಫೋಟೋದಲ್ಲಿ ಒಲೆ, ಒಲೆಯ ಮೇಲೆ ಯಾವುದೋ ಅಂಗಡಿಯ ತಗಡಿನ ಡಬ್ಬಿ. ನಮ್ಮ ಕಂಪನಿಯ ಡಬ್ಬಿ ನೀಲಿ, ಅದು ಹಳದಿ. ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದಿತ್ತು.

ನಾನು ಯಾಕೆ ನೋಡಲಿಲ್ಲ? ಐದಕ್ಕೆ ಹೊರಡಬೇಕಿತ್ತು. ಜೋಗುಪಾಳ್ಯದ ಟೈಲರ್ ಆರಕ್ಕೆ ಬಾಗಿಲು ಹಾಕುತ್ತಾನೆ, ಭಾನುವಾರ ಕೆ.ಆರ್. ಪುರದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ, ನನ್ನ ಬ್ಲೌಸ್ ಅವನ ಹತ್ತಿರವಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ದೂರಿನಲ್ಲಿ ಕೆಲಸದವಳ ಹೆಸರಿರುವುದಿಲ್ಲ, ಬರೀ ನಂಬರಿರುತ್ತದೆ, ಬಿಲ್ಕೀಸ್ ಎಂದು ನನಗೇನು ಗೊತ್ತು ಎಂದು ಸಮಾಧಾನ ಮಾಡಿಕೊಳ್ಳಲು ಹೋದೆ. ಆಗಲಿಲ್ಲ. ಬಿಲ್ಕೀಸ್ ಅಲ್ಲದೆ ಬೇರೆ ಯಾರೋ ಆಗಿದ್ದರೆ ನಾನು ಈ ಫೋಟೋವನ್ನು ಯಾವತ್ತೂ ತೆಗೆಯುತ್ತಿರಲಿಲ್ಲ. ಈ ಎರಡು ವರ್ಷದಲ್ಲಿ ಎಷ್ಟು ಏಳು ಕಳಿಸಿದ್ದೇನೋ ದೇವರಿಗೇ ಗೊತ್ತು.

ಟೀಮ್ ಲೀಡ್ ಮುತ್ತುರಾಜನ ಹತ್ತಿರ ಹೋಗಿ ಎಲ್ಲ ಹೇಳಿದೆ. ಬಾಗಲಕೋಟೆ ಕಡೆಯವನು, ಒಳ್ಳೆಯವನೇ, ಆದರೆ ರೂಲು ಅಂದರೆ ಪ್ರಾಣ. ಫೋಟೋ ನೋಡಿ ತಲೆ ಕೆರೆದುಕೊಂಡ.

“ಏಳು ಒಮ್ಮೆ ಹೋತು ಅಂದ್ರ ಹೋತ್ರಿ. ವಾಪಸ್ ತಗೊಳ್ಳಾಕ ಟೆಂಪ್ಲೇಟ್ ಇಲ್ಲ.”

“ಟೆಂಪ್ಲೇಟ್ ಇಲ್ದೆ ಬರೆಯೋಕಾಗಲ್ವಾ?”

“ಆಗ್ತದರಿ. ಕಸ್ಟಮರ್‌ಗೆ ನಿಮ್ಮ ಹೆಸರಲೇ ಬರೀಬೇಕು, ಮೊದ್ಲ ಕಳ್ಸಿದ್ದು ತಪ್ಪು, ನಾ ನೋಡ್ದ ಕಳಿಸೀನಿ ಅಂತ. ಕ್ವಾಲಿಟಿಯವ್ರಿಗೆ ಒಂದ್ ಕಾಪಿ. ಅವ್ರು ಐಡಿ ಬಿಡ್ತಾರ, ನಿಮ್ಮ ಹೆಸರಿನ ಮುಂದ ಒಂದ್ ಕೆಂಪು ಗುರುತು ಹಾಕ್ತಾರ.” ದನಿ ತಗ್ಗಿಸಿದ. “ನಿಮಗ ಈಗಾಗ್ಲೇ ಎರಡು ಅದಾವು. ಮೂರಾದ್ರ ಏನಂತ ಗೊತ್ತದ ಅಲ್ಲ?”

ಗೊತ್ತಿತ್ತು. ಮೂರಾದವರು ಮುಂದಿನ ತಿಂಗಳು ಬರುವುದಿಲ್ಲ.

“ನಿಮ್ಮ ಗೆಳತಿಗೆ ಒಂದ್ ಸಾರಿ ಹೇಳ್ರಿ. ಬ್ಯಾರೆ ಆ್ಯಪ್ ಇಲ್ಲೇನು ಊರಾಗ? ಏನೂ ಆಗಂಗಿಲ್ಲ.”

ಸೀಟಿಗೆ ಬಂದು ಕೂತೆ, ಎದ್ದೆ. ನೀರು ಕುಡಿದೆ. ಮತ್ತೆ ಕೂತೆ. ಯಾರೋ ಉಗುರು ಬಣ್ಣ ಎರಡೇ ದಿನಕ್ಕೆ ಎದ್ದುಹೋಯಿತೆಂದು ಬರೆದಿದ್ದರು. ಅವರಿಗೆ ಸಾರಿ ಬರೆಯಲು ಕೈ ಏಳಲಿಲ್ಲ. ಕೆಂಪು ಗಡಿಯಾರ ಓಡಿ ಓಡಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಕೆಳಗಿಳಿದೆ. ಏನು ಮಾಡುತ್ತೇನೆಂದು ನಿರ್ಧರಿಸಿರಲಿಲ್ಲ. ಅವಳ ಮುಂದೆ ನಿಂತರೆ ಏನಾದರೂ ಹೊಳೆಯಬಹುದು ಎಂದುಕೊಂಡೆ.

ಆಟೋದವನು ತಲೆಯನ್ನೂ ತಿರುಗಿಸದೆ “ಸಾರಿ ಮೇಡಂ, ಆ ಕಡೆ ಬರಲ್ಲ” ಎಂದು ಹೋದ. ಬಸ್ಸು ಹತ್ತಿದೆ. ಆ ದಿನ ನನ್ನ ಕಿವಿಗೆ ಬೇರೆ ಮಾತೇ ಬೀಳಲಿಲ್ಲ ಎನಿಸುತ್ತದೆ. ನುಗ್ಗುವವನೂ ಸಾರಿ ಎಂದು ನುಗ್ಗಿದ. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಹುಡುಗಿ ಕಂಡಕ್ಟರ್ ಕೇಳಿದ್ದು ಕೇಳಿಸದೆ “ಸಾರಿ?” ಎಂದಳು. ಹಿಂದಿನ ಸೀಟಿನ ಹೆಂಗಸು ಫೋನಿನಲ್ಲಿ, “ಸಾರಿ ರೀ, ಹುಡುಗಿಗೆ ಯಾಕೋ ಮನಸ್ಸಿಲ್ಲ” ಎಂದು ಒಂದು ಸಂಬಂಧವನ್ನೇ ಮುರಿದು ಹಾಕಿದಳು. ನಮ್ಮ ತಾತ ತೀರಿಕೊಂಡಾಗ ನನ್ನ ಮ್ಯಾನೇಜರ್ ‘ಸೋ ಸಾರಿ’ ಎಂದು ಬರೆದು, ಕೆಳಗೇ ‘ನಾಳೆ ಶಿಫ್ಟಿಗೆ ಬರ್ತೀರಾ’ ಎಂದು ಕೇಳಿದ್ದು ನೆನಪಾಯಿತು. ಹಲಸೂರು ಕೆರೆಯ ಹತ್ತಿರ ಹತ್ತಿದ ಒಬ್ಬ ಅಜ್ಜಿಯ ಕಾಲು ನನ್ನ ಕಾಲಿಗೆ ತಾಕಿತು. ಅವರು ಏನೂ ಅನ್ನಲಿಲ್ಲ. ಬಗ್ಗಿ ನನ್ನ ಮೊಣಕಾಲು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ನನಗೆ ಯಾಕೋ ಅಳು ಬಂದಂತಾಯಿತು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಪಂಕ್ಚರ್ ಅಂಗಡಿಯ ಮೇಲೆ ಬಿಲ್ಕೀಸ್ ಮನೆ. ಮೆಟ್ಟಿಲು ಕಡಿದು. ಬಾಗಿಲು ತೆರೆದೇ ಇತ್ತು, ಅವಳು ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಳು.

“ಬಂದ್ಯಾ? ಕೂತ್ಕೋ” ಎಂದಳು. ನಗಲಿಲ್ಲ. ಡ್ರಾಪ್ಸ್ ಹಾಕಿ ಮುಗಿಸಿ, ಕೈ ತೊಳೆದು, ಟೀ ತಂದು ಮುಂದಿಟ್ಟಳು. ತನಗೆ ತಂದುಕೊಳ್ಳಲಿಲ್ಲ.

“ಸಾರಿ ಕಣೇ” ಎಂದೆ.

“ಯಾವುದಕ್ಕೆ?”

“ಹಿಂಗೆಲ್ಲ ಆಗಿದ್ದಕ್ಕೆ.”

ಆಡಿದ ಮೇಲೆ ನನಗೇ ತಿಳಿಯಿತು, ಅದು ನಾಲ್ಕನೇ ನಂಬರು. ಬಿಲ್ಕೀಸ್ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಜೀವನ್ ಬಿಮಾ ನಗರದ ಆ ಹೆಂಗಸು ನನ್ನ ಪತ್ರವನ್ನು ಹಾಗೆಯೇ ಅವಳಿಗೆ ಕಳಿಸಿದ್ದಳು, ‘ನಿಮ್ಮ ಕಂಪನಿಯವರೇ ಒಪ್ಪಿಕೊಂಡಿದ್ದಾರೆ, ಈಗ ಏನಂತೀಯಾ?’ ಎಂದು.

“ನಿಮ್ ಆಫೀಸಲ್ಲಿ ನಂದಿತಾ ಎಸ್. ಅಂತ ಎಷ್ಟು ಜನ ಇದಾರೆ?”

ನಾನು ಟೀ ಲೋಟವನ್ನು ಕೆಳಗಿಟ್ಟೆ.

“ನಿನ್ನೆ ಬಂತು ಇದು. ಬೆಳಿಗ್ಗೆ ನಿಂಗೆ ಬೇಕಂತಲೇ ಮೆಸೇಜ್ ಮಾಡ್ದೆ. ನೀನಾಗೇ ಹೇಳ್ತೀಯಾ ನೋಡೋಣ ಅಂತ. ಅಯ್ಯೋ ಸಾರಿ ಅಂತ ಬಂತು.”

“ಆಗ ನನಗೆ ಗೊತ್ತಿರ್ಲಿಲ್ಲ ಬಿಲ್ಕೀಸ್, ಅಮ್ಮನಾಣೆ. ಆಮೇಲೇ ನೋಡಿದ್ದು. ಸಾರಿ, ನಿಜವಾಗ್ಲೂ ಸಾ...”

“ಆ ಮಾತು ಈ ಮನೇಲಿ ಬೇಡ.” ಅವಳು ಫೋನಿನ ಮೇಲೆ ಬೆರಳಿಟ್ಟಳು. “ಈ ಲೆಟರ್‌ನಲ್ಲಿ ಐದು ಸಲ ಇದೆ. ಎಣಿಸಿದೀನಿ. ಅವಳಿಗೆ ಐದು ಕೊಟ್ಟು, ಉಳಿದಿದ್ದು ನಂಗೆ ಕೊಡೋಕೆ ಬಂದ್ಯಾ?”

ಒಳಗಿನ ಮಂಚದಿಂದ ಬದ್ರುನ್ನೀಸಾ ಅವರು “ಕ್ಯಾ ಹುವಾ ರೇ?” ಎಂದು, ಏನಾಯಿತೆಂದು ಕೇಳಿದರು. “ಕುಛ್ ನೈ ಅಮ್ಮಿ, ನಂದಿತಾ ಆಯೀ”, ಏನೂ ಇಲ್ಲ, ನಂದಿತಾ ಬಂದಿದ್ದಾಳೆ ಎಂದು ಬಿಲ್ಕೀಸ್ ಹೇಳಿದಳು. ಆ ತಾಯಿಗೆ ಎಲ್ಲ ಮಾಮೂಲಿಯೇ ಅನ್ನಿಸಲಿ ಎಂದು ದನಿಯನ್ನು ಎಷ್ಟು ಮೆತ್ತಗೆ ಮಾಡಿಕೊಂಡಳೆಂದರೆ, ನನಗೆ ಬೈಗುಳಕ್ಕಿಂತ ಅದೇ ಜಾಸ್ತಿ ಚುಚ್ಚಿತು.

“ನಾನೇನ್ ಮಾಡ್ಲಿ ಹೇಳು” ಎಂದೆ.

“ಅವಳಿಗೆ ಏನ್ ಬರೆದ್ಯೋ ಅದನ್ನ ವಾಪಸ್ ತಗೋ.”

“ವಾಪಸ್ ತಗೊಂಡ್ರೆ ನಂದು ಮೂರನೇ ತಪ್ಪಾಗುತ್ತೆ. ಕೆಲ್ಸ ಹೋಗುತ್ತೆ.”

“ನಂದು ಹೋಗಿದೆ” ಎಂದಳು.

ನನಗೆ ಸಿಟ್ಟು ಬಂತು. ತಪ್ಪು ನನ್ನದೇ, ಆದರೂ ಬಂತು. ಈ ಮನೆಗೆ ಈ ಕೆಲಸ ತಂದುಕೊಟ್ಟವಳು ನಾನಲ್ಲವೇ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಟೀ ಬಿಟ್ಟು ಎದ್ದು ಬಾಗಿಲು ದಾಟಿದೆ. ಮೂರು ಮೆಟ್ಟಿಲು ಇಳಿದೆ. ಕೆಳಗೆ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ನಾನು ಹೀಗೆ ಇಳಿದು ಹೋದರೆ ಅವಳು ನನ್ನನ್ನು ಕರೆಯುವುದಿಲ್ಲ. ಆರು ವರ್ಷದ ಬೆಂಚು, ಎಲ್ಲ ಇಲ್ಲಿಗೇ ಸರಿ. ನನಗೆ ಹೆದರಿಕೆಯಾಯಿತು. ಕೆಲಸ ಹೋಗುತ್ತದೆ ಎಂದಾಗ ಕೂಡ ಅಷ್ಟು ಹೆದರಿಕೆ ಆಗಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆಫೀಸಿನ ಮೇಲ್ ತೆಗೆದೆ.

ದಿನಕ್ಕೆ ತೊಂಬತ್ತು ಪತ್ರ ಬರೆಯುವ ನನಗೆ ಆ ಒಂದು ಪತ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಸಾಲಿನಲ್ಲೇ ಬೆರಳು ಆ ಮಾತನ್ನು ಬರೆದುಬಿಡುತ್ತಿತ್ತು, ಅಳಿಸುತ್ತಿದ್ದೆ. ಕೊನೆಗೆ ಹೀಗಾಯಿತು: ‘ಮೇಡಂ, ಶನಿವಾರ ನಾನು ಕಳಿಸಿದ ಪತ್ರ ಸುಳ್ಳು. ನಿಮ್ಮ ಕೈ ಸುಟ್ಟದ್ದು ನಿಮ್ಮ ಮನೆಯ ವ್ಯಾಕ್ಸ್‌ನಿಂದ. ಆರಲಿ ಎಂದು ಬಿಲ್ಕೀಸ್ ಹೇಳಿದ್ದರು, ನೀವೇ ಹಚ್ಚಿಕೊಂಡಿರಿ. ಫೋಟೋ ಇದರ ಜೊತೆ ಇದೆ. ಅದನ್ನು ತೆಗೆದು ನೋಡುವುದು ನನ್ನ ಕೆಲಸವಾಗಿತ್ತು. ನನಗೆ ಮನೆಗೆ ಹೋಗುವ ಅವಸರವಿತ್ತು, ನೋಡಲಿಲ್ಲ. ಬಿಲ್ಕೀಸ್ ಅವರದು ಯಾವ ತಪ್ಪೂ ಇಲ್ಲ. ತಪ್ಪು ಮಾಡಿದ್ದು ನಾನು, ನಂದಿತಾ ಎಸ್.’

ಕ್ವಾಲಿಟಿಯವರಿಗೆ ಕಾಪಿ ಹಾಕಿ, ಕಣ್ಣು ಮುಚ್ಚಿ ಒತ್ತಿದೆ. ಐದು ನಿಮಿಷಕ್ಕೆ ಮುತ್ತುರಾಜನ ಫೋನ್ ಬಂತು. ತೆಗೆಯಲಿಲ್ಲ.

ಹಿಂದೆ ಯಾವಾಗ ಬಂದು ನಿಂತಿದ್ದಳೋ, ಬಿಲ್ಕೀಸ್ ಕೈ ಚಾಚಿದಳು. ಫೋನ್ ಕೊಟ್ಟೆ. ಅವಳು ಮೆಟ್ಟಿಲ ಮೇಲೆ ನಿಂತೇ ಎರಡು ಸಲ ಓದಿದಳು. ನಾನು ಕಾಯುತ್ತಿದ್ದೆ. ಏನಕ್ಕೆಂದರೆ ‘ಪರವಾಗಿಲ್ಲ ಬಿಡು’ ಅನ್ನುವುದಕ್ಕೆ. ಸಾರಿ ಎಂದವರಿಗೆ ಎದುರಿನವರು ಅದನ್ನು ಕೊಟ್ಟೇ ಕೊಡುತ್ತಾರೆ, ಇಷ್ಟು ವರ್ಷದಲ್ಲಿ ನನಗೆ ಅದು ಪುಕ್ಕಟೆಯಾಗಿ ಸಿಕ್ಕಿದೆ. ಬಿಲ್ಕೀಸ್ ಕೊಡಲಿಲ್ಲ. ಫೋನ್ ವಾಪಸ್ ಕೊಟ್ಟು, ಅಮ್ಮನಿಗೆ ಏನೋ ಹೇಳಿ, ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಕೆಳಗಿಳಿದಳು.

ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದೆವು. ಸಂಜೆಯ ಜನ. ಒಂದು ಕಡೆ ಗಾಡಿಯೊಂದು ಮೈಮೇಲೆ ಬಂದಾಗ ಅವಳು ನನ್ನ ತೋಳು ಹಿಡಿದು ಎಳೆದಳು, ಆಮೇಲೆ ಬಿಟ್ಟಳು.

“ಕೆಲ್ಸ ಹೋದ್ರೆ ಏನ್ ಮಾಡ್ತೀಯಾ?” ಬಸ್ಸು ಬಂದ ಮೇಲೆ ಕೇಳಿದಳು.

“ಗೊತ್ತಿಲ್ಲ.”

ಅವಳು ತಲೆಯಾಡಿಸಿದಳು. ನಾನು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟೆ. ಆಗ ಹೇಳಿದಳು, ನನ್ನ ಮುಖ ನೋಡಿಯೇ ಹೇಳಿದಳು:

“ನಂಗಿನ್ನೂ ಸಿಟ್ಟಿದೆ. ನಾಳೆನೂ ಇರುತ್ತೆ. ನಾಡಿದ್ದು ಫೋನ್ ಮಾಡು.”

ಬಸ್ಸು ಹೊರಟಿತು. ಕೂರಲು ಸೀಟಿರಲಿಲ್ಲ, ಕಂಬಿ ಹಿಡಿದು ನಿಂತೆ. ನಾಡಿದ್ದು ಅಂದರೆ ಬುಧವಾರ. ತಪ್ಪಬಾರದೆಂದು ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದೆ.